ಸ್ವಚ್ಛ ಊಟ ಕಲಿಸಲು ಹೋದವಳು

ಏನು ತಿನ್ನಬೇಕು, ಏನು ಬಿಡಬೇಕು ಅಂತ ಮಂದಿಗೆ ಹೇಳುವುದೇ ಉದ್ಯೋಗ ಮಾಡಿಕೊಂಡವರು ವಾರಕ್ಕೊಮ್ಮೆಯಾದರೂ ಪೇಚಿಗೆ ಬೀಳಲೇಬೇಕು. ನಾನು ಬೀಳುತ್ತಲೇ ಬಂದಿದ್ದೇನೆ.

ನಾನು ಆಹಾರ ಸಲಹೆಗಾರ್ತಿ. ಸೋಮವಾರ, ಮಂಗಳವಾರ ಹಾವೇರಿಯ ಒಂದು ಸಣ್ಣ ದವಾಖಾನೆಯಲ್ಲಿ, ಬುಧವಾರ ರಾಣೇಬೆನ್ನೂರಿನಲ್ಲಿ, ಶುಕ್ರವಾರ ಬ್ಯಾಡಗಿಯಲ್ಲಿ ಕೂರುತ್ತೇನೆ. ಬರುವವರೆಲ್ಲ ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು. ಮಾತ್ರೆ ಬರೆಯುವುದು ಡಾಕ್ಟರು, ಊಟದ ಬಗ್ಗೆ ಹೇಳುವುದು ನಾನು. ಡಾಕ್ಟರ ಮಾತನ್ನು ಜನ ಕೇಳುತ್ತಾರೆ. ನನ್ನ ಮಾತನ್ನು ಕೇಳಿಸಿಕೊಳ್ಳುತ್ತಾರೆ.

ತೊಳೆದು ತಿಂದವರು

ಹೊಸದಾಗಿ ಕೆಲಸಕ್ಕೆ ಸೇರಿದಾಗ ತರಬೇತಿಯಲ್ಲಿ 'ಕ್ಲೀನ್ ಈಟಿಂಗ್' ಅನ್ನುವ ಮಾತು ಕಲಿತು ಬಂದಿದ್ದೆ. ನಮ್ಮ ಜನಕ್ಕೆ ಕನ್ನಡದಲ್ಲೇ ಹೇಳಬೇಕು ಅಂತ ಅದಕ್ಕೆ 'ಸ್ವಚ್ಛ ಊಟ' ಅಂತ ಹೆಸರಿಟ್ಟೆ. ಮೊದಲು ಅದನ್ನು ಹೇಳಿದ್ದು ಅಗಡಿಯಿಂದ ದಿನಾ ಹಾವೇರಿಗೆ ಬಂದು ಬಟ್ಟೆ ಹೊಲಿಯುವ ಒಬ್ಬ ಟೇಲರಿಗೆ. ಐವತ್ತರ ಆಸುಪಾಸು. ಕಾಲ್ಬೆರಳಿನ ಗಾಯ ಎರಡು ತಿಂಗಳಾದರೂ ಒಣಗಿರಲಿಲ್ಲ. ಮಷಿನ್ ತುಳಿಯುವ ಕಾಲು ಅದು. ಅದು ಹೋದರೆ ಕಸುಬೇ ಹೋದಂತೆ. ಅವರ ಮುಖದಲ್ಲಿ ಆ ಅಂಜಿಕೆ ಎದ್ದು ಕಾಣುತ್ತಿತ್ತು.

ಹದಿನೈದು ದಿನ ಬಿಟ್ಟು ಹೆಂಡತಿಯ ಜೊತೆ ಬಂದರು. ಸಕ್ಕರೆ ಒಂದು ಚೂರೂ ಇಳಿದಿರಲಿಲ್ಲ.

"ಹೇಳಿದಂಗ ಸ್ವಚ್ಛ ಊಟ ಮಾಡಿದ್ರೇನ್ರಿ?" ಅಂದೆ.

ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. "ಅವರದೇನೂ ತಪ್ಪಿಲ್ರಿ ಬಾಯಾರ. ತಾಟು, ವಾಟಗಾ ಎಲ್ಲಾ ಮೂರು ಮೂರು ಸರ್ತಿ ಬಿಸಿನೀರಿಲೆ ತೊಳದೇನಿ. ಬಾಳೆಹಣ್ಣು ಮೊದಲೊಮ್ಮೆ ತೊಳದು, ಸುಲದ ಮ್ಯಾಲ ಮತ್ತೊಮ್ಮೆ ತೊಳದು ಕೊಟ್ಟೇನಿ. ಇದಕ್ಕಿಂತ ಸ್ವಚ್ಛ ಹೆಂಗ ಮಾಡಲ್ರಿ?"

ತಪ್ಪು ನನ್ನದು. ಇಬ್ಬರನ್ನೂ ಕೂರಿಸಿಕೊಂಡು ಮೊದಲಿಂದ ಹೇಳಿದೆ. ಹೊಲದಲ್ಲಿ, ಗಿಡದಲ್ಲಿ ಹೇಗಿತ್ತೋ ಅದಕ್ಕೆ ಹತ್ತಿರವಿರುವುದನ್ನು ತಿನ್ನುವುದು, ಕಾರ್ಖಾನೆಯಲ್ಲಿ ರೂಪ ಬದಲಾಗಿ ಬಂದದ್ದನ್ನು ಕಡಿಮೆ ಮಾಡುವುದು, ಇಷ್ಟೇ. ಎಲ್ಲ ಒಂದೇ ದಿನ ಬೇಡ. ಮೊದಲು ಬೆಳಗಿನ ಚಹಾದ ಜೊತೆಯ ಬಿಸ್ಕೀಟು ಬಿಟ್ಟು, ಒಂದು ಹಿಡಿ ಕುದಿಸಿದ ಹೆಸರುಕಾಳು ತಿನ್ನಿ ಅಂದೆ.

ಟೇಲರು ಮುಖ ಸಣ್ಣ ಮಾಡಿದರು. ಹೆಂಡತಿ ಮಾತ್ರ ದೊಡ್ಡದೊಂದು ಉಸಿರು ಬಿಟ್ಟಳು.

"ಬಿಡ್ರಿ, ಪೀಡಾ ಹೋತು. ಹದಿನೈದು ದಿನದಿಂದ ಅವನ್ನೂ ತೊಳ್ಯಾಕತ್ತೇನಿ, ಒಂದ ಬಿಸ್ಕೀಟರ ಕೈಯಾಗ ಉಳೀವಲ್ದು."

ಗಾಯ ಒಣಗಲು ಮುಂದೆ ಮೂರು ತಿಂಗಳು ಹಿಡಿಯಿತು. ಒಣಗಿತು. 'ಸ್ವಚ್ಛ ಊಟ' ಅನ್ನುವ ಮಾತನ್ನು ನಾನು ಅವತ್ತೇ ಬಿಟ್ಟೆ.

ಕಿವಿ ಹಿಂಡಿಸಿಕೊಂಡ ಅಂಗಡಿಕಾರ

ರಾಣೇಬೆನ್ನೂರಿನಲ್ಲಿ ನನ್ನ ಬಳಿ ಬರುವ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಅವರಿಗೆ ಒಂದೇ ಒಂದು ಸಲಹೆ ಕೊಟ್ಟಿದ್ದೆ. "ಪ್ಯಾಕೀಟು ಕೊಳ್ಳೋಕಿಂತ ಮೊದಲು ಹಿಂದ ತಿರುವಿ ಓದ್ರಿ. ನಿಮ್ಮ ಅಡಗಿಮನ್ಯಾಗ ಇಲ್ಲದ ಹೆಸರು ಭಾಳ ಇದ್ರ ವಾಪಸ್ ಇಡ್ರಿ."

ಮೂವತ್ತು ವರ್ಷ ಪರೀಕ್ಷೆಯ ಪೇಪರು ತಿದ್ದಿದ ಕೈ. ಕೆಲಸ ಸಿಕ್ಕಿತು.

ಎರಡು ವಾರ ಕಳೆಯಿತು. ಅವರ ಓಣಿಯ ಕಿರಾಣಿ ಅಂಗಡಿಯವರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಬಿ.ಪಿ. ತೋರಿಸಲು ಬಂದಿದ್ದರು, ಆದರೆ ಹೇಳಿದ್ದು ಬೇರೆ.

"ಆ ಅಕ್ಕಾರು ನಿಮ್ಮ ಪೇಶಂಟರಿ? ಬಾಯಾರ, ನನ್ನ ಗತಿ ಕೇಳಬ್ಯಾಡ್ರಿ. ಭೂತಗನ್ನಡಿ ಹಿಡ್ಕೊಂಡು ನಿಂತು, ಹಾಜರಿ ಕರದಂಗ ಒಂದೊಂದ ಹೆಸರು ಜೋರಾಗಿ ಓದ್ತಾರ. ಅವರ ಹಿಂದ ನಿಂತ ಗಿರಾಕಿಗೋಳೂ ತಮ್ಮ ಕೈಯಾಗಿಂದು ಕೆಳಗ ಇಡಾಕತ್ತಾರ."

"ನೀವು ಏನೂ ಅನ್ನಲಿಲ್ಲೇನು?"

"ಹೆಂಗ ಅನ್ನಲಿ? ನಾಕನೇ ಇಯತ್ತೆಗೆ ನನಗ ಕಲಿಸಿದವರು ಅವರ. ಮೊನ್ನೆ ಒಂದ ಪ್ಯಾಕೀಟು ನನ್ನ ಕೈಗೆ ಕೊಟ್ಟು, 'ತಮ್ಮಾ, ಮಾರೋದು ನೀನು, ನೀನ ಓದು' ಅಂದ್ರು. ಓದಾಕ ಬರಲಿಲ್ಲ. ನಾಲಿಗಿ ಹೊರಳಲಿಲ್ಲ. ನಾಕ ಮಂದಿ ಗಿರಾಕಿ ಮುಂದ ಕಿವಿ ಹಿಂಡಿದ್ರು. ಮೊಮ್ಮಕ್ಕಳದಾವ್ರಿ ನನಗ!"

ನಗು ತಡೆದುಕೊಂಡೆ. ಅಂಗಡಿಯಲ್ಲಿ ಈಗ ಏನು ಬದಲು ಮಾಡಿದ್ದೀರಿ ಅಂತ ಕೇಳಿದೆ. ಹುರಿದ ಶೇಂಗಾ, ಪುಠಾಣಿ, ಜೋಳದ ಅಳ್ಳಿನ ಡಬ್ಬಿಗಳನ್ನು ಮುಂದಿನ ಸಾಲಿಗೆ ತಂದಿದ್ದಾರಂತೆ. ಆ ಪ್ಯಾಕೀಟನ್ನು ತರಿಸುವುದೇ ಬಿಟ್ಟಿದ್ದಾರಂತೆ. ನನಗೆ ಬಲು ಸಂತೋಷವಾಯಿತು.

"ಗಿರಾಕಿಗಳ ಆರೋಗ್ಯ ಕೆಡಬಾರದು ಅಂತ ಬಿಟ್ರೇನು?"

"ಅಲ್ರಿ," ಅಂದರು, ಕಿವಿ ಮುಟ್ಟಿಕೊಳ್ಳುತ್ತಾ. "ನಾಳೆ ಬಂದು ಮತ್ತ ಓದು ಅಂದ್ರ?"

ಬ್ಯಾಡಗಿಯ ಭಾಷಣ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರಿಗೆ ಊಟದ ಬಗ್ಗೆ ತಿಳಿಹೇಳಬೇಕಿತ್ತು. ದೊಡ್ಡ ಶೆಡ್ಡು, ಸುತ್ತಲೂ ಕೆಂಪು ರಾಶಿ. ನಾನು ಎರಡು ಮಾತಿಗೊಮ್ಮೆ ಸೀನುತ್ತಿದ್ದೆ. ಅವರು ನಿರಾಳವಾಗಿ ಕೆಲಸ ಮಾಡುತ್ತಿದ್ದರು. ಮೇಲಿನ ಆಫೀಸಿನಿಂದ ಬಂದ ಬಣ್ಣದ ಚಿತ್ರಗಳು ನನ್ನ ಕೈಯಲ್ಲಿದ್ದವು. ಮೊದಲನೆಯದೇ ಒಂದು ಪರದೇಶದ ಹಣ್ಣು, ಬೆಣ್ಣೆಹಣ್ಣು.

ಎಲ್ಲರೂ 'ಚಾಚಿ' ಅಂತ ಕರೆಯುವ ಹಿರಿಯ ಹೆಂಗಸು ಚಿತ್ರವನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿದಳು.

"ಇದೇನ್ ಬೇಟಿ, ಬದ್ನಿಕಾಯಿಗೆ ಜ್ವರ ಬಂದೇತೇನು?"

ಶೆಡ್ಡೆಲ್ಲ ನಕ್ಕಿತು. ಅಷ್ಟರಲ್ಲಿ ಊಟದ ಹೊತ್ತಾಯಿತು. ಎಲ್ಲರೂ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಮಡಕಿಕಾಳು, ಹಸಿ ಉಳ್ಳಾಗಡ್ಡಿ, ಗುರೆಳ್ಳು ಚಟ್ನಿ, ಮೊಸರು. ನನ್ನ ಚಿತ್ರಗಳ ಹಿಂದೆ ಬರೆದಿದ್ದ ನಾರು, ಕಾಳು, ಸೊಪ್ಪು ಎಲ್ಲವೂ ಆ ಬಟ್ಟೆಯ ಗಂಟುಗಳಲ್ಲೇ ಇದ್ದವು.

"ನೀನೂ ಬುತ್ತಿ ಬಿಚ್ಚು, ಕುಂದ್ರು," ಅಂದಳು ಚಾಚಿ.

ಬಸ್ಸು ತಪ್ಪುತ್ತದೆ ಅಂತ ಅವತ್ತು ಮನೆಯಲ್ಲಿ ಏನೂ ಮಾಡಿಕೊಂಡಿರಲಿಲ್ಲ. ಬ್ಯಾಗಿನಲ್ಲಿದ್ದದ್ದು ಅರ್ಧ ತಿಂದ ಕ್ರೀಮ್ ಬನ್ನು. ಮುಚ್ಚಿಡಲು ಹೋದೆ. ಅವಳು ನೋಡಿಬಿಟ್ಟಳು. ಬೈಯಲಿಲ್ಲ. ತನ್ನ ಎರಡು ರೊಟ್ಟಿಯಲ್ಲಿ ಒಂದನ್ನು ಮುರಿದು, ಮೇಲೆ ಪಲ್ಲೆ ಹಾಕಿ ನನ್ನ ಕೈಗಿಟ್ಟಳು.

"ನಮ್ಮ ಮೊಮ್ಮಗಳು ರೊಟ್ಟಿ ಸಾಲಿಗೆ ಒಯ್ಯಂಗಿಲ್ಲ," ಅಂದಳು. "ಗೆಳತೇರು ನಗ್ತಾರಂತ. ದಿನಾ ಎರಡ್ಮಿನಿಟಿನ ಶಾವಿಗಿ ಬೇಕಂತ. ನಮಗ ಹೇಳೋದು ಏನೂ ಇಲ್ಲ ಬೇಟಿ. ಅಲ್ಲಿ ಹೋಗಿ ಆಕೀಗೆ ಹೇಳು, ರೊಟ್ಟಿ ತಿನ್ನೋದು ನಾಚಿಕಿ ಕೆಲಸ ಅಲ್ಲ ಅಂತ."

ಮುಂದಿನ ಶುಕ್ರವಾರವೇ ಶಾಲೆಗೆ ಹೋಗುತ್ತೇನೆ ಅಂತ ಮಾತು ಕೊಟ್ಟೆ.

"ಹೋಗು," ಅಂದಳು ಚಾಚಿ. "ಆದ್ರ ಆ ಬನ್ನು ಇಲ್ಲೇ ಇಟ್ಟು ಹೋಗು."

ಮಾವನವರ ವಾಕಿಂಗು

ಊರವರಿಗೆಲ್ಲ ಸಮಾಧಾನದಿಂದ ಹೇಳುವ ನಾನು ನನ್ನ ಮನೆಯಲ್ಲಿ ಮಾತ್ರ ಹುಕುಂ ಮಾಡಿದ್ದೆ. ಮಾವನವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ. ಗಂಡನಿಗೆ ಹೊಟ್ಟೆ ಮುಂದೆ ಬಂದಿದೆ. ಹಾಗಾಗಿ ಒಂದು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ ಬಾಣಲೆ ಒಲೆ ಹತ್ತಿರಲಿಲ್ಲ. ಇಬ್ಬರೂ ತಕರಾರಿಲ್ಲದೆ ಒಪ್ಪಿಕೊಂಡಿದ್ದರು. ಮಾವನವರು ದಿನಾ ಬೆಳಗ್ಗೆ ತಪ್ಪದೆ ವಾಕಿಂಗ್ ಹೋಗುತ್ತಿದ್ದರು. ಆದರೂ ಅವರ ಸಕ್ಕರೆ ಇಳಿಯುತ್ತಿರಲಿಲ್ಲ. ನನಗೆ ಒಳಗೊಳಗೇ ಹೆದರಿಕೆ. ಎಲ್ಲಿ ತಪ್ಪುತ್ತಿದ್ದೇನೆ ಅಂತ ತಲೆ ಕೆಡಿಸಿಕೊಂಡಿದ್ದೆ.

ಒಂದು ಮಂಗಳವಾರ ಹಾವೇರಿಯ ದವಾಖಾನೆಗೆ ಮಿರ್ಚಿ ಭಜಿ ಗಾಡಿಯವರೊಬ್ಬರು ಬಂದರು. ಅವರ ಊಟದ ಬಗ್ಗೆ ಹೇಳಿ, ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡಿ ಅಂತಲೂ ಹೇಳಿದೆ. ಅವರು ಒಪ್ಪಿಕೊಂಡು, ಏಳುವ ಮುಂಚೆ ಅಂದರು:

"ನೀವು ಚಲೋ ಸಮಾಧಾನದಿಂದ ಹೇಳ್ತೀರಿ ಬಾಯಾರ. ನಮ್ಮ ಗಿರಾಕಿ ಒಬ್ರು ಅಜ್ಜಾರು ಅದಾರ. ಅವರ ಸೊಸೀನೂ ನಿಮ್ಮ ಕೆಲಸಾನ ಮಾಡ್ತಾಳಂತ. ಭಾಳ ಕಡಕ್ ಅಂತ. ಅಜ್ಜಾರು ವಾಕಿಂಗ್ ಅಂತ ಹೊರಬಿದ್ದು, ಸೀದಾ ನನ್ನ ಗಾಡಿಗೆ ಬಂದು, ನಾಕ ಮಿರ್ಚಿ ತಿಂದು ಹೋಗ್ತಾರ. ಪಾಪ ಅನಿಸಿ ಐದನೇದು ನಾನ ಕೊಡ್ತೇನಿ."

ನಾನು ಪೆನ್ನು ಕೆಳಗಿಟ್ಟೆ. "ಹೌದ್ರಿ? ಮತ್ತೇನು?"

"ಮಗನಿಗೂ ಎರಡು ಕಟ್ಟಿಸ್ಕೊಂಡು ಹೋಗ್ತಾರ. ಆ ಮನಷ್ಯಾ ಹೆಂಡ್ತಿಗೆ ಅಂಜಿ ಬಚ್ಚಲದಾಗ ನಿಂತು ತಿಂತಾನಂತ್ರಿ."

ನನ್ನ ಗಂಡ ದಿನಾ ಬೆಳಗ್ಗೆ ಬಚ್ಚಲಿನಲ್ಲಿ ಅರ್ಧ ತಾಸು ಯಾಕಿರುತ್ತಾರೆ ಅನ್ನುವುದು ವರ್ಷದ ಮೇಲೆ ತಿಳಿಯಿತು. ಮೊದಲು ಸಿಟ್ಟು ಬಂತು. ಮನೆಗೆ ನಡೆಯುತ್ತಾ ಹೋದಂತೆ ನಾಚಿಕೆಯಾಯಿತು. ಟೇಲರಿಗೆ ಒಂದು ಬಿಡಿ, ಒಂದು ಹಿಡಿಯಿರಿ ಅಂದವಳು ನಾನು. ನನ್ನವರಿಗೆ ಎಲ್ಲವನ್ನೂ ಒಂದೇ ದಿನ ಬಿಡಿಸಿ, ಕದ್ದು ತಿನ್ನುವಂತೆ ಮಾಡಿದ್ದೆ.

ಈಗ ನಮ್ಮ ಮನೆಯಲ್ಲಿ ಭಾನುವಾರ ಮಿರ್ಚಿ ಉಂಟು. ತಲೆಗೊಂದು, ಎಲ್ಲರೂ ಕೂತು ತಿನ್ನುತ್ತೇವೆ. ಮಾವನವರು ಈಗ ಖರೇನೇ ನಡೆಯುತ್ತಾರೆ, ಸಕ್ಕರೆಯೂ ತುಸು ಇಳಿದಿದೆ. ಆದರೆ ಈ ಒಪ್ಪಂದ ಆಗುವ ಮುಂಚೆ, ವಿಷಯ ತಿಳಿದ ಮರುದಿನ ಬೆಳಗ್ಗೆ ನಡೆದದ್ದನ್ನು ಹೇಳಲೇಬೇಕು.

ಮಾವನವರು ವಾಕಿಂಗ್ ಮುಗಿಸಿ ಬಂದರು. ಸ್ವಲ್ಪ ಹೊತ್ತಿಗೆ ನನ್ನ ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ನಳ ಬಿಟ್ಟ ಸದ್ದು ಕೇಳಿತು. ನಾನು ಹೋಗಿ ಮೆಲ್ಲಗೆ ಬಾಗಿಲು ಬಡಿದೆ.

"ರೀ, ಚಟ್ನಿ ಬೇಕೇನ್ರಿ?"

ನಳ ನಿಂತಿತು. ಆಮೇಲೆ ಬಾಯಿ ತುಂಬಿದ ದನಿಯೊಂದು ಬಂತು:

"ಬ್ಯಾಡ. ಅಪ್ಪ ತಂದಾರ."