ಸಿಹಿಮಾತ್ರೆಯೂ ನನ್ನ ಜ್ಞಾಪಕಶಕ್ತಿಯೂ

ವಯಸ್ಸಾದ ಮೇಲೆ ಮನುಷ್ಯನ ಬಳಿ ಪೂರ್ತಿಯಾಗಿ ಉಳಿಯುವ ವಸ್ತು ಕಡಿಮೆ. ನನ್ನ ಹಲ್ಲುಗಳಲ್ಲಿ ಅರ್ಧ ಹೋಗಿವೆ, ಕೂದಲಿನ ಮಾತು ಬೇಡ. ಆದರೆ ಒಂದು ಆಸ್ತಿ ಮಾತ್ರ ಕಿಂಚಿತ್ತೂ ಸವೆಯದೆ ಉಳಿದಿದೆಯೆಂಬ ಹೆಮ್ಮೆ ನನಗಿತ್ತು. ಅದು ನನಗೆ ಇದುವರೆಗೆ ಆಗಿರುವ ಅವಮಾನಗಳ ನೆನಪು. ತಂಗಿಯ ಬೀಗರೂಟದಲ್ಲಿ ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದವರು ಯಾರು, ನಾದಿನಿಯ ಮಗುವಿನ ನಾಮಕರಣದಲ್ಲಿ ಎಲ್ಲರಿಗೂ ಎರಡು ಹೋಳಿಗೆ ಬಡಿಸಿ ನನ್ನ ಎಲೆಗೆ ಒಂದನ್ನೇ ಹಾಕಿ ಮುಂದಕ್ಕೆ ಹೋದವರು ಯಾರು, ಪೀಣ್ಯದ ಕಾರ್ಖಾನೆಯಲ್ಲಿ ನನ್ನ ಬೀಳ್ಕೊಡುಗೆಯ ದಿನ ಶಾಲನ್ನು ಮೊದಲು ಇನ್ನೊಬ್ಬರ ಹೆಗಲಿಗೆ ಹೊದಿಸಿ ಆಮೇಲೆ ತೆಗೆದು ನನಗೆ ಹೊದಿಸಿದವರು ಯಾರು, ಎಲ್ಲವನ್ನೂ ಕ್ರಮಬದ್ಧವಾಗಿ ಹೇಳಬಲ್ಲೆ. ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿದು ತೋರಿಸುತ್ತಿದ್ದವನಿಗೆ ಇದೇನು ದೊಡ್ಡ ಸಾಧನೆಯಲ್ಲ.

ಇಂಥ ನೆನಪಿಗೆ ಕುತ್ತು ಬಂದದ್ದು ಒಂದು ಸಣ್ಣ ಮಾತ್ರೆಯಿಂದ. ರಕ್ತದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ಹೇಳಿದ ಸಂಜೆಯೇ ನನ್ನ ತಮ್ಮನ ಮಗಳು ಸೌಮ್ಯ ಒಂದು ಪುಟ್ಟ ಡಬ್ಬಿ ತಂದುಕೊಟ್ಟಳು. ಮೇಲೆ ಒತ್ತಿದರೆ ಕೆಳಗಿನಿಂದ ಒಂದು ಮಾತ್ರೆ ಕಾಫಿಗೆ ಬೀಳುತ್ತದೆ. ಮೆಣಸಿನ ಕಾಳಿಗಿಂತ ಚಿಕ್ಕದು, ಸಿಹಿ ಮಾತ್ರ ಒಂದು ಚಮಚ ಸಕ್ಕರೆಯಷ್ಟು. ಇಷ್ಟು ಚಿಕ್ಕ ವಸ್ತು ಇಷ್ಟು ದೊಡ್ಡ ಕೆಲಸ ಮಾಡುತ್ತದೆಂದರೆ ಎಲ್ಲೋ ಮೋಸವಿರಲೇಬೇಕೆಂದು ಭೂತಗನ್ನಡಿ ಹಿಡಿದು ಡಬ್ಬಿಯ ಹಿಂದಿನ ಬರಹವನ್ನು ಎರಡು ಸಲ ಓದಿದೆ. ನನಗೆ ಅರ್ಥವಾದದ್ದು ತಯಾರಾದ ತಿಂಗಳು ಮಾತ್ರ. ಆದರೂ ನಾಲಿಗೆ ಒಪ್ಪಿತು, ನಾನೂ ಒಪ್ಪಿದೆ.

ಅಷ್ಟರಲ್ಲಿ ಸೌಮ್ಯಳ ಮದುವೆ ನಿಶ್ಚಯವಾಯಿತು. ನಮ್ಮ ಲಗ್ಗೆರೆಯ ಹಳೆಯ ಮನೆತನಗಳಲ್ಲಿ ಫೋನಿನಲ್ಲಿ ಕಳಿಸಿದ ಪತ್ರಿಕೆಯನ್ನು ಯಾರೂ ಕರೆಯೆಂದು ಎಣಿಸುವುದಿಲ್ಲ. ಮನೆಯ ಹಿರಿಯ ಖುದ್ದಾಗಿ ಹೋಗಿ ಕುಂಕುಮವಿಟ್ಟು ಕರೆಯಬೇಕು. ಕರೆ ಪಡೆದ ಮನೆಯವರು ಏನಾದರೂ ಕುಡಿಯಲು ಕೊಡಬೇಕು. ಕೊಟ್ಟದ್ದನ್ನು ಹಿರಿಯ ಕುಡಿಯಲೇಬೇಕು. ಲೋಟ ಮುಟ್ಟದೆ ಎದ್ದರೆ ಅದು ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಳ್ಳುವ ಸಂಗತಿ. ಹೀಗಾಗಿ ನಾನು ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ಎಂಟು ಒಂಬತ್ತು ಮನೆ ಹತ್ತತೊಡಗಿದೆ. ಮೊದಲ ಮನೆಯಲ್ಲೇ, ಸೋದರತ್ತೆಯ ಸೊಸೆ ಭಾಗ್ಯ ನನ್ನ ಡಬ್ಬಿಯನ್ನು ಕಂಡು ಕೈ ತಡೆದಳು.

"ಮಾವ, ಅದನ್ನ ಹಾಕ್ಕೋಬೇಡಿ. ನೆನಪೆಲ್ಲ ಹೊಂಟೋಗುತ್ತಂತೆ. ಮೊಬೈಲ್‌ನಲ್ಲಿ ಬಂದಿತ್ತು."

"ಯಾರಮ್ಮ ಹೇಳಿದ್ದು?"

"ಹೆಸರು ಗೊತ್ತಿಲ್ಲ. ಬಿಳಿ ಕೋಟು ಹಾಕ್ಕೊಂಡಿದ್ರು."

ಎರಡನೆಯ ಮನೆಯವರು ಅದು ಹೃದಯಕ್ಕೆ ಕೆಟ್ಟದ್ದೆಂದರು. ಮೂರನೆಯವರು ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳು ಸಾಯುತ್ತವೆಂದರು. ಹೊಟ್ಟೆಯಲ್ಲಿ ಒಳ್ಳೆಯವೂ ಇರುತ್ತವೆಂದು ನನಗೆ ತಿಳಿದದ್ದೇ ಆವತ್ತು. ನಾಲ್ಕನೆಯ ಮನೆಯ ಹುಡುಗಿ ಬಹಳ ಅಕ್ಕರೆಯಿಂದ, "ದೊಡ್ಡಪ್ಪ, ಇದ್ರಲ್ಲಿ ಸಕ್ಕರೆನೇ ಇಲ್ಲ, ಝೀರೋ," ಎಂದು ತಣ್ಣನೆಯ ಕರಿ ಪಾನೀಯವೊಂದನ್ನು ಮುಂದಿಟ್ಟಳು. ಅದರ ಹಿಂದಿನ ಬರಹ ಓದಿದರೆ ನನ್ನ ಮಾತ್ರೆಯೊಳಗಿದ್ದ ಪದಾರ್ಥವೇ ಅದರಲ್ಲೂ ಇತ್ತು. ಸಕ್ಕರೆ ಕುಡಿದರೆ ಕಾಲು, ಕಣ್ಣು. ಮಾತ್ರೆ ಕುಡಿದರೆ ಹೃದಯ, ಹೊಟ್ಟೆ, ನೆನಪು. ಯಾವ ಅಂಗವನ್ನು ಬಿಟ್ಟುಕೊಡುವುದೆಂದು ಯೋಚಿಸುತ್ತಾ ಮನೆಗೆ ಬಂದೆ.

ಭಾಗ್ಯಳ ಮಾತನ್ನು ನಾನು ನಂಬಿರಲಿಲ್ಲ. ಆದರೆ ಆ ರಾತ್ರಿ ಊಟಕ್ಕೆ ಕುಳಿತಾಗ ಉಳಿದ ಮನೆಗಳ ಪಟ್ಟಿಯಲ್ಲಿ ಮುನಿಯಪ್ಪನ ಹೆಸರು ಕಂಡಿತು. ಇವನು ನನ್ನ ಚಿಕ್ಕಪ್ಪನ ಮಗ, ಮಾದನಾಯಕನಹಳ್ಳಿಯಲ್ಲಿದ್ದಾನೆ. ಒಂಬತ್ತು ವರ್ಷಗಳಿಂದ ನಮ್ಮಿಬ್ಬರಿಗೂ ಮಾತಿಲ್ಲ. "ಆ ಮನೆಯ ಹೊಸ್ತಿಲನ್ನು ನಾನು ತುಳಿಯುವುದಿಲ್ಲ," ಎಂದೆ.

"ಯಾಕೆ ದೊಡ್ಡಪ್ಪ? ಚಿಕ್ಕವಳಿದ್ದಾಗ ನನ್ನನ್ನ ದಿನಾ ಸ್ಕೂಲಿಗೆ ಬಿಟ್ಟಿದ್ದು ಅವರೇ ಅಲ್ವಾ? ಅವರಿಲ್ದೆ ನಾನು ಹೆಂಗೆ ಹಸೆಮಣೆ ಮೇಲೆ ಕೂತ್ಕೊಳ್ಲಿ?" ಎಂದು ಸೌಮ್ಯ ಕಣ್ಣು ತುಂಬಿಕೊಂಡಳು. "ಅಂಥಾದ್ದು ಅವರೇನು ಮಾಡಿದ್ರು?"

ಹೇಳಲು ಬಾಯಿ ತೆರೆದೆ. ಜಗಳವಾದದ್ದು ನೆನಪಿದೆ, ಆವತ್ತು ನಾನು ಉಟ್ಟಿದ್ದ ಪಂಚೆಯ ಅಂಚು ನೆನಪಿದೆ, ಕಾರಣ ಮಾತ್ರ ಇಲ್ಲ. ಹೆಂಡತಿಯನ್ನು ಕೇಳಿದೆ. "ನೀವು ಮುನಿಸಿಕೊಂಡಿರೋರನ್ನೆಲ್ಲ ನೆನಪಿಟ್ಕೊಂಡ್ರೆ ನಾನು ಅಡುಗೆ ಮಾಡೋದು ಯಾವಾಗ?" ಎಂದು ಸಾರು ಬಡಿಸಿದಳು.

ಮರುದಿನ ವೈದ್ಯರ ಬಳಿಗೆ ಓಡಿದೆ. ಮಾತ್ರೆಯಿಂದ ನೆನಪು ಹೋಗುತ್ತದೆಯೇ ಎಂದು ಕೇಳಿದೆ.

"ದಿನಕ್ಕೆ ಒಂದೆರಡಕ್ಕೆ ಹೆದರಬೇಡಿ ಸಾರ್. ವರ್ಷಗಟ್ಟಲೆ ತಗೊಂಡ್ರೆ ಏನಾಗುತ್ತೆ ಅಂತ ಇನ್ನೂ ಖಚಿತವಾಗಿ ಹೇಳೋಕಾಗಲ್ಲ."

"ಹಾಗಾದರೆ ಒಳ್ಳೆಯದೋ ಕೆಟ್ಟದ್ದೋ?"

"ನಿಮಗೆ ಸಕ್ಕರೆಗಿಂತ ಪರವಾಗಿಲ್ಲ, ನೀರಿನಷ್ಟು ಒಳ್ಳೇದಲ್ಲ. ಸಿಹಿ ಚಪಲಾನೇ ಕಮ್ಮಿ ಮಾಡ್ಕೊಳ್ಳಿ. ಅಂದಹಾಗೆ, ಏನ್ ಮರೆತ್ರಿ?"

"ಒಂದು ಜಗಳದ ಕಾರಣ."

"ಅದು ಒಳ್ಳೇದಾಯ್ತಲ್ಲ ಸಾರ್," ಎಂದು ನಕ್ಕರು. ಆ ನಗುವನ್ನು ನಾನು ಅಲ್ಲೇ ಗುರುತು ಹಾಕಿಕೊಂಡೆ. ನಮ್ಮ ವಿಭಾಗದಲ್ಲಿ ಒಂದು ಬಿಡಿಭಾಗ ಪಾಸಾಗುತ್ತಿತ್ತು ಅಥವಾ ರಿಜೆಕ್ಟ್ ಆಗುತ್ತಿತ್ತು; "ಪರವಾಗಿಲ್ಲ" ಎಂಬ ಮುದ್ರೆ ನಮ್ಮಲ್ಲಿ ಇರಲೇ ಇಲ್ಲ. ನಾಲ್ಕು ದಿನ ಮಾತ್ರೆ ಬಿಟ್ಟು ಕಹಿ ಕಾಫಿ ಕುಡಿದು ನೆನಪು ಮರಳುವುದನ್ನು ಕಾದೆ. ಮರಳಿದ್ದು ತಲೆನೋವು. ಕಾರಣ ಹೇಳಲಾಗದವನಿಗೆ ಹೋಗುವುದಿಲ್ಲವೆನ್ನುವ ಹಕ್ಕೂ ಇರುವುದಿಲ್ಲ. ಐದನೆಯ ದಿನ ಸೌಮ್ಯಳನ್ನು ಕರೆದುಕೊಂಡು ಮಾದನಾಯಕನಹಳ್ಳಿಗೆ ಹೊರಟೆ.

ಸುತ್ತಲೂ ಗೋದಾಮುಗಳ ತಗಡಿನ ಗೋಡೆ, ನಡುವೆ ಮುನಿಯಪ್ಪನ ಮನೆ. "ಬಾ ಅಣ್ಣ, ಕೂತ್ಕೋ," ಎಂದ, ನಿನ್ನೆ ತಾನೇ ಬಂದು ಹೋದವನನ್ನು ಕರೆಯುವಂತೆ. ಅವನ ಹೆಂಡತಿ ಜಯಮ್ಮ ಸೌಮ್ಯಳ ಕೆನ್ನೆ ಸವರಿ ಒಳಗೆ ಹೋಗಿ ಕಾಫಿ ತಂದಳು. ಮುನಿಯಪ್ಪ ತನ್ನ ಲೋಟಕ್ಕೆ ಮೂರು ಚಮಚ ಸಕ್ಕರೆ ಸುರಿದು ಕಲಕಿದ. ನಾನು ನೇರವಾಗಿ ಕೇಳಿದೆ:

"ಮುನಿಯಪ್ಪ, ನಾವು ಮಾತು ಬಿಟ್ಟದ್ದು ಏತಕ್ಕೆ?"

ಅವನು ತಲೆ ಕೆರೆದುಕೊಂಡ. "ನಂಗೂ ನೆನಪಿಲ್ಲ ಕಣಣ್ಣ. ನೀನು ಬರ್ತಿರಲಿಲ್ಲ, ಅದ್ಕೆ ನಾನೂ ಬರ್ತಿರಲಿಲ್ಲ."

ನನ್ನ ಗೊಂದಲ ಇಮ್ಮಡಿಯಾಯಿತು. ಮಾತ್ರೆಯನ್ನು ಕಣ್ಣಲ್ಲೂ ಕಾಣದೆ, ಮೂರು ಚಮಚ ಶುದ್ಧ ಸಕ್ಕರೆ ಕುಡಿಯುವವನೂ ಮರೆತಿದ್ದಾನೆ. ಹಾಗಾದರೆ ತಪ್ಪು ಯಾವುದರದ್ದು?

"ನಂಗೆ ನೆನಪೈತೆ ಭಾವ," ಎಂದಳು ಜಯಮ್ಮ, ಬಾಗಿಲಿಗೆ ಒರಗಿ. "ಈ ಮನೆ ಗೃಹಪ್ರವೇಶದ ದಿನ ನಾನು ಕೊಟ್ಟ ಕಾಫೀನ ಒಂದು ಗುಟುಕು ಕುಡಿದು, ಇದೇನಮ್ಮ ಲೋಟ ತೊಳೆದ ನೀರಾ ಅಂದ್ರಿ, ಹತ್ತು ಜನದ ಮುಂದೆ. ಇವರು ಸುಮ್ನಿರಣ್ಣ ಅಂದ್ರು. ಅಷ್ಟಕ್ಕೇ ಲೋಟ ಕುಕ್ಕಿ ಎದ್ದೋದ್ರಿ. ಆಮೇಲೆ ಒಂಬತ್ತು ವರ್ಷ ನಾನು ಯಾರಿಗೂ ಧೈರ್ಯವಾಗಿ ಕಾಫಿ ಕೊಟ್ಟಿಲ್ಲ."

ಸೌಮ್ಯ ನೆಲ ನೋಡಿದಳು. ನಾನು ಲೋಟ ನೋಡಿದೆ. ಇದು ಮಾತ್ರೆ ಅಳಿಸಿದ ನೆನಪಲ್ಲ. ನನ್ನ ಅವಮಾನಗಳ ಪಟ್ಟಿಯನ್ನು ಎಂದೂ ಸೇರಿಯೇ ಇರದ ಬಾಬತ್ತು.

"ಇವತ್ತು ಎಂಗೈತೆ ಭಾವ?"

ಕುಡಿದು ನೋಡಿದೆ. ತಪಾಸಣೆಗಾರನಾಗಿ ಸತ್ಯ ಹೇಳುವುದಾದರೆ, ಒಂಬತ್ತು ವರ್ಷಗಳಲ್ಲಿ ಒಂದಿಷ್ಟೂ ವ್ಯತ್ಯಾಸವಾಗಿರಲಿಲ್ಲ. "ಬಹಳ ಚೆನ್ನಾಗಿದೆಯಮ್ಮ. ಅವತ್ತು ಹಾಗೆ ಅಂದದ್ದು ನನ್ನ ತಪ್ಪು," ಎಂದೆ.

"ಅಂಗಾದ್ರೆ ಇನ್ನೊಂದು ಲೋಟ," ಎಂದು ನಾನು ಬೇಡವೆನ್ನುವ ಮೊದಲೇ ತಂದಿಟ್ಟಳು. ಅದನ್ನೂ ಕುಡಿದೆ. ಮುನಿಯಪ್ಪ ಮದುವೆಗೆ ಮೂರು ದಿನ ಮೊದಲೇ ಬಂದು ಚಪ್ಪರದ ಕೆಲಸ ನೋಡಿಕೊಳ್ಳುವುದಾಗಿ ಹೇಳಿದ.

ಸಿಹಿಮಾತ್ರೆ ನೆನಪನ್ನು ಅಳಿಸುತ್ತದೆಯೋ ಇಲ್ಲವೋ, ನನಗೆ ಇಂದಿಗೂ ತಿಳಿದಿಲ್ಲ. ಜಯಮ್ಮನ ಆ ಮಾತುಗಳಂತೂ ರಾತ್ರಿಯಿಡೀ ಒಂದಕ್ಷರವೂ ಬಿಡದೆ ಕಿವಿಯಲ್ಲಿ ಕೇಳುತ್ತಿದ್ದವು. ಬೆಳಿಗ್ಗೆ ಎದ್ದವನೇ ಡಬ್ಬಿ ಹುಡುಕಿ ಕಾಫಿಗೆ ಒಂದರ ಬದಲು ಎರಡು ಮಾತ್ರೆ ಹಾಕಿಕೊಂಡೆ.