ಸೊಸೆಗೊಬ್ಬ ಲಾಯರು

ನಾನು ಹೊಸ್ತಿಲು ದಾಟಿದ್ರೆ ಸಾಕು, ಏನಾದ್ರೊಂದು ಅವಾಂತರ ಆಗೇ ಆಗುತ್ತೆ. ಸೊಪ್ಪು ತರೋಕೆ ಹೋದಾಗಲೇ ಹೀಗೆ, ಇನ್ನು ಸೊಸೆಗೆ ಲಾಯರ್ ಹುಡುಕೋಕೆ ಹೊರಟ್ರೆ ಕೇಳ್ಬೇಕಾ?

ನನ್ನ ಮಗ ಹಡಗಿನ ಅಡುಗೆಮನೇಲಿ ಕೆಲಸಕ್ಕಿದ್ದ. ಅಲ್ಲೇ ಒಬ್ಬಳು ಫಿಲಿಪ್ಪೀನ್ಸ್ ಹುಡುಗೀನ ಇಷ್ಟಪಟ್ಟು, ಮದುವೆ ಆಗಿ ಕರ್ಕೊಂಡು ಬಂದ. ಈಗ ಬಿಟಿಎಂ ಲೇಔಟಲ್ಲಿ ಚಿಕ್ಕದೊಂದು ಹೋಟ್ಲು ನಡೆಸ್ತಾನೆ. ಅವಳು ಬಂದ ಹೊಸದ್ರಲ್ಲಿ ನಾನು ಮೂಗು ಮುರಿದಿದ್ದೆ, ಸುಳ್ಳು ಯಾಕೆ ಹೇಳ್ಲಿ. ಈಗ ಅವಳು ಎದುರಿಗಿಲ್ದೆ ನಂಗೆ ಕಾಫಿ ಗಂಟಲಲ್ಲಿ ಇಳಿಯಲ್ಲ. ಆದ್ರೆ ಪ್ರತೀ ಸಲ ವೀಸಾ ಮುಗಿಯೋ ಹೊತ್ತಿಗೆ ನಮ್ಮನೇಲಿ ಸೂತಕದ ಕಳೆ. ಮುಂದಕ್ಕೆ ಕೊಡ್ತಾರೋ ಇಲ್ವೋ, ಯುಕೆಜಿ ಓದೋ ಮಗಳನ್ನ ಬಿಟ್ಟು ಹೊರಡಬೇಕಾಗುತ್ತೋ ಅಂತ ಅವಳು ಸೊರಗಿ ಹೋಗೋಳು. ನೋಡೋಕಾಗ್ತಿರ್ಲಿಲ್ಲ. "ಈ ವೀಸಾ ಗೋಳೇ ಬೇಡ, ಪೌರತ್ವಾನೇ ಮಾಡಿಸಿಬಿಡೋಣ" ಅಂತ ನಾನೇ ಟೊಂಕ ಕಟ್ಟಿ ನಿಂತೆ.

1. ಆಸ್ತಿ ಲಾಯರ್

ನಮ್ಮದು ಹೊಸಕೆರೆಹಳ್ಳಿ. ನಮ್ಮ ಮಾವನವರು ರಾಗಿ ಬೆಳೀತಿದ್ದ ಕಡೆ ನಾವು ಬಾಡಿಗೆ ಮನೆ ಕಟ್ಟಿಸಿದೀವಿ. ಹಾಗಾಗಿ ನಂಗೆ ಗೊತ್ತಿರೋ ಲಾಯರ್ ಅಂದ್ರೆ ನಮ್ಮ ಆಸ್ತಿ ಕಾಗದ ನೋಡೋ ಬನಶಂಕರಿಯ ಲಾಯರ್ ಒಬ್ಬರೇ. ಸೊಸೇನ ಕರ್ಕೊಂಡು ಅಲ್ಲಿಗೇ ಹೋದೆ.

"ಸಾರ್, ಇನ್ನು ಮುಂದೆ ನಮ್ಮದು ಅಂತ ಪಕ್ಕಾ ಆಗ್ಬೇಕು" ಅಂದೆ.

ಅವರು ತಲೆ ಎತ್ತದೆ ಬರ್ಕೊಳ್ಳೋಕೆ ಶುರು ಮಾಡಿದ್ರು. "ಮೊದಲು ಯಾರ ಸುಪರ್ದಿಲಿತ್ತು?"

"ಅವರಪ್ಪನ ಮನೇಲಿ."

"ಅವರಿಗೆ ಮಕ್ಕಳೆಷ್ಟು?"

"ಐದು ಜನ."

"ಐದೂ ಜನ ಬಂದು ಸಹಿ ಹಾಕ್ಬೇಕು."

"ಫಿಲಿಪ್ಪೀನ್ಸಿಂದ ಬರ್ಬೇಕು ಸಾರ್!"

"ಎಲ್ಲಿಂದಾದ್ರೂ ಬರ್ಲಿ. ನಾಳೆ ಒಬ್ಬ ಎದ್ದು ನಂಗೂ ಭಾಗ ಬೇಕು ಅಂದ್ರೆ ಏನ್ಮಾಡ್ತೀರಾ?"

"ಅಯ್ಯೋ ಸಾರ್, ಸೈಟಲ್ಲ, ಸೊಸೆ!"

ಆಗ ತಲೆ ಎತ್ತಿ ನೋಡಿದ್ರು. ಇವಳು ಕೈ ಮುಗಿದು ನಮಸ್ಕಾರ ಅಂದ್ಲು. ಅವರು ಹೊಸ ಹಾಳೆ ಒಂದು ತಗೊಂಡು, "ಆದ್ರೂ ಪೇಪರಲ್ಲಿ ಒಂದು ನೋಟಿಸ್ ಕೊಟ್ಬಿಡೋಣ ಕಣಮ್ಮ. ಈಕೆ ವಿಷಯದಲ್ಲಿ ಯಾರದಾದ್ರೂ ತಕರಾರಿದ್ರೆ ಏಳು ದಿನದೊಳಗೆ ಬಂದು ಹೇಳ್ಲಿ" ಅಂದ್ರು.

ಆಟೋದಲ್ಲಿ ಬರ್ತಾ ಸೊಸೆ ಕೇಳಿದ್ಲು, "ಅತ್ತೆ, ತಕರಾರು ಯಾರಿಗಿದೆ?"

"ನಂಗಿತ್ತು ಕಣೆ. ಅವಧಿ ಮುಗೀತು, ಸುಮ್ನೆ ಕೂತ್ಕೋ" ಅಂದೆ.

2. ಟೈ ಕಟ್ಟಿದವನು

ಜಯನಗರ ಫೋರ್ತ್ ಬ್ಲಾಕಲ್ಲಿ ವಿಮಾನದ ಚಿತ್ರ ಇರೋ ದೊಡ್ಡ ಬೋರ್ಡು ಕಂಡ್ತು. ಇಮಿಗ್ರೇಷನ್ನು, ಪೌರತ್ವ ಎಲ್ಲಾ ಬರೆದಿತ್ತು. ಇದೇ ಸರಿ ಅಂತ ಮೆಟ್ಟಿಲು ಹತ್ತಿದ್ವಿ. ಟೈ ಕಟ್ಟಿದ್ದ ಒಬ್ಬ ಕೂರಿಸಿ, ತಣ್ಣಗೆ ನೀರು ಕೊಟ್ಟು, "ಕೆನಡಾನೋ ಆಸ್ಟ್ರೇಲಿಯಾನೋ ಆಂಟಿ?" ಅಂದ.

"ಹೊಸಕೆರೆಹಳ್ಳಿ."

"ಅದು ಈಗಿರೋದು. ಹೋಗೋದೆಲ್ಲಿಗೆ?"

"ಹೋಗೋದಲ್ಲಪ್ಪ, ಇವಳು ಇಲ್ಲೇ ಇರೋದು."

ಪಾಪ, ಅವನು ಲ್ಯಾಪ್‌ಟಾಪಲ್ಲಿ ಏನೇನೋ ಒತ್ತಿ ನೋಡ್ದ. ಅದರಲ್ಲಿ ಎಲ್ಲಾ ದೇಶಾನೂ ಇತ್ತು, ನಮ್ಮದೊಂದು ಬಿಟ್ಟು. "ಆಂಟಿ, ಇಲ್ಲಿಂದ ಕಳಿಸೋದಷ್ಟೇ ನಮ್ಮ ಕೆಲಸ. ಇಲ್ಲೇ ಇರ್ತೀನಿ ಅಂತ ಇದುವರೆಗೂ ಯಾರೂ ಕೇಳ್ಕೊಂಡು ಬಂದಿಲ್ಲ" ಅಂದ. ಆಮೇಲೆ ನನ್ನ ವಯಸ್ಸು, ಓದು ಕೇಳಿ, ನನ್ನನ್ನಾದ್ರೂ ಎಲ್ಲಿಗಾದ್ರೂ ಕಳಿಸೋಕಾಗುತ್ತಾ ಅಂತ ನೋಡ್ದ. ಎಲ್ಲೂ ಬೇಡ ಅಂದ್ರಂತೆ.

ನಾವು ಎದ್ದು ಮೆಟ್ಟಿಲು ಇಳೀತಿದ್ರೆ ಹಿಂದಿಂದ ಓಡಿ ಬಂದ. ಆಚೀಚೆ ನೋಡಿ, ಸೊಸೆ ಹತ್ರ ಮೆತ್ತಗೆ ಕೇಳ್ದ: "ಮೇಡಂ, ನಿಮ್ಮೂರಲ್ಲಿ ನನ್ನಂಥೋರಿಗೆ ಏನಾದ್ರೂ ಕೆಲಸ ಸಿಗುತ್ತಾ?"

3. ನೀವು ಆಚೆ ಕೂತ್ಕೊಳ್ಳಿ

ಕೊನೆಗೆ ಮೊಮ್ಮಗಳ ಸ್ಕೂಲ್ ಗೇಟಲ್ಲಿ ಪರಿಚಯವಾದ ಒಬ್ಬರು, ಇದೇ ಕೆಲಸ ಮಾಡೋ ಜೆಪಿ ನಗರದ ಲಾಯರ್ ಮೇಡಂ ವಿಳಾಸ ಕೊಟ್ರು. ಮೇಡಂ ಜೋರು, ಆದ್ರೆ ಕೆಲಸ ಗೊತ್ತಿರೋರು. "ಮದುವೆ ಆಗಿ ಏಳು ವರ್ಷದಿಂದ ಇಲ್ಲೇ ವಾಸ ಇದ್ರೆ ಅರ್ಜಿ ಹಾಕಬಹುದು. ಆಮೇಲೆ ಕರೆದು ಪ್ರಶ್ನೆ ಕೇಳ್ತಾರೆ, ಈಗ್ಲೇ ಅಭ್ಯಾಸ ಮಾಡೋಣ" ಅಂದ್ರು.

ಹೆಸರು ಕೇಳಿದ್ರು, ನಾನು ಹೇಳ್ದೆ. ಹುಟ್ಟಿದ ಊರು ಕೇಳಿದ್ರು, ಅದನ್ನೂ ನಾನೇ ಹೇಳ್ದೆ. ಅದು ಬೇರೆ ಯಾವುದೋ ಊರಂತೆ. "ಇಂಡಿಯಾದಲ್ಲೇ ಯಾಕೆ ಇರ್ಬೇಕು?" ಅಂದ್ರು. ನಾನು "ನಮ್ಮ ಸಂಸ್ಕೃತಿ..." ಅಂತ ಬಾಯಿ ತೆಗೆಯೋಷ್ಟರಲ್ಲಿ ಇವಳೇ ಹೇಳ್ಬಿಟ್ಲು: "ಗಂಡ ಇಲ್ಲಿದಾರೆ, ಮಗಳು ಇಲ್ಲಿದಾಳೆ. ಆಮೇಲೆ ಅವರೆಕಾಯಿ."

"ಮತ್ತೆ ಅತ್ತೆ?"

"ಅತ್ತೆ ಸ್ವಲ್ಪ ಕಷ್ಟ ಮೇಡಂ. ಅಭ್ಯಾಸ ಆಗಿದೆ."

ಮೇಡಂ ನಕ್ಕಿದ್ದು ನಕ್ಕಿದ್ದೇ. ನನಗೆ ಉರಿದುಹೋಯ್ತು. ಏನೋ ಹೇಳೋಕೆ ಹೋದೆ, "ಅಮ್ಮ, ನೀವು ದಯವಿಟ್ಟು ಆಚೆ ಕೂತ್ಕೊಳ್ಳಿ" ಅಂದ್ಬಿಟ್ರು. ಆಚೆ ಬೆಂಚಲ್ಲಿ, ಆಫ್ರಿಕಾದಿಂದ ಓದೋಕೆ ಬಂದ ವಿದ್ಯಾರ್ಥಿಯೊಬ್ಬ ತನ್ನ ವೀಸಾ ಕೆಲಸಕ್ಕೆ ಅಂತ ಕೂತಿದ್ದ. ಒಳಗೆ ಇವಳ ಅಭ್ಯಾಸ ಮುಗಿಯೋಷ್ಟರಲ್ಲಿ ನಾನು ಅವನಿಗೆ ನಮ್ಮ ಮೇಲಿನ ಮನೆ ಬಾಡಿಗೆಗೆ ಕೊಟ್ಟಾಗಿತ್ತು.

4. ನಮ್ಮ ಭಾವನ ಸಾಕ್ಷಿ

ಅರ್ಜಿ ಹೋಯ್ತು. ಮೇಡಂ ಫೋನ್ ಮಾಡಿ, "ಪೊಲೀಸ್ನೋರು ಮನೆಗೆ ಬರ್ತಾರೆ. ಇವರು ನಿಜವಾಗ್ಲೂ ಇಲ್ಲೇ ಇದ್ರಾ, ಎಂಥವರು ಅಂತ ಪಕ್ಕದ ಮನೆಯವರನ್ನ ಕೇಳ್ತಾರೆ. ಪಕ್ಕದವರ ಜೊತೆ ಚೆನ್ನಾಗಿದೀರಾ ತಾನೇ?" ಅಂದ್ರು.

ಚೆನ್ನಾಗಿರೋದೆಲ್ಲಿ ಬಂತು! ಪಕ್ಕದ ಮನೆ ನಮ್ಮ ಯಜಮಾನ್ರ ಅಣ್ಣನದು. ಎರಡೂ ಮನೆ ಮಧ್ಯೆ ಒಬ್ಬರು ನಡೆಯೋಷ್ಟು ಓಣಿ ಇದೆ. ಅದು ತನ್ನದು, ಯಾರೂ ಓಡಾಡಕೂಡ್ದು ಅಂತ ಭಾವ ಕೋರ್ಟಿಗೆ ಹೋಗಿದಾರೆ. ನಮ್ಮನೇಲಿ ನಾಯಿ ಒಂದನ್ನ ಬಿಟ್ಟು ಎಲ್ಲರ ಮೇಲೂ ಕೇಸು. ಹೊಸದಾಗಿ ಬಂದ ಸೊಸೇನೂ ಬಿಡ್ಲಿಲ್ಲ. ಆ ಕೇಸ್ ಹಾಕಿರೋರೇ ಪಕ್ಕದ ಮನೆಯವರು ಅಂತ ಮೇಡಂಗೆ ಹೇಳ್ದೆ.

"ಸಿವಿಲ್ ಕೇಸು, ಅದನ್ನ ಅರ್ಜೀಲೇ ಹೇಳಿದೀವಿ, ತೊಂದರೆ ಇಲ್ಲ. ಅವರ ಬಾಯಿ ಹೇಗೆ?" ಅಂದ್ರು ಮೇಡಂ. ನಾನು ಫೋನ್ ಇಟ್ಬಿಟ್ಟೆ. ಹೋಗಿ ಭಾವನ ಕಾಲು ಹಿಡ್ಕೊಳ್ಳೋಣ ಅಂದ್ರೆ ಯಜಮಾನ್ರು, "ಕಾಲು ಹಿಡಿದೆ ಅಂತ ಇನ್ನೊಂದು ಕೇಸ್ ಹಾಕ್ತಾನೆ, ಸುಮ್ನಿರು" ಅಂದ್ರು.

ಪೊಲೀಸ್ನೋರು ಬಂದೇ ಬಂದ್ರು. ನಮ್ಮನ್ನ ಕೇಳಿದ್ದಾದ್ಮೇಲೆ ಭಾವನ್ನ ಗೇಟಿಗೆ ಕರೆದ್ರು. ನಾನು ಕಿಟಕಿ ಹಿಂದೆ ನಿಂತು, ತಾಯಿ ಬನಶಂಕರಿ, ನಿಂಬೆಹಣ್ಣಿನ ದೀಪ ಹಚ್ತೀನಿ, ಇವತ್ತೊಂದು ದಿನ ಇವರ ನಾಲಿಗೆ ನೆಟ್ಟಗಿರ್ಲಿ ಅಂತ ಬೇಡ್ಕೊಂಡೆ. ಸೊಸೆ ನನ್ನ ಕೈ ಬಿಗಿಯಾಗಿ ಹಿಡ್ಕೊಂಡಿದ್ಲು.

"ಈ ಮೇಡಂ ಗೊತ್ತಾ ಸಾರ್ ನಿಮಗೆ?"

"ಗೊತ್ತಿಲ್ದೆ ಏನು? ಇವಳ ಮೇಲೆ ಕೇಸ್ ಹಾಕಿದೀನಿ!" ಅಂದ್ರು ಭಾವ. ಮುಗೀತು ಕಥೆ ಅಂದ್ಕೊಂಡೆ.

"ಎಷ್ಟು ವರ್ಷದಿಂದ ಇಲ್ಲಿದಾರೆ?"

"ಏಳು ವರ್ಷದ ಮೇಲಾಯ್ತು. ಬಂದ ದಿನದಿಂದ ನನ್ನ ಓಣೀಲೇ ಓಡಾಟ."

"ಮಧ್ಯೆ ಬೇರೆ ದೇಶಕ್ಕೇನಾದ್ರೂ ಹೋಗಿದ್ರಾ?"

"ಎಲ್ಲಿ ಹೋಗ್ತಾಳೆ ಸಾರ್? ಒಂದು ದಿನ ತಪ್ಪಿಸಿಲ್ಲ! ಬೆಳಗ್ಗೆ ಹಾಲು ತರೋಕೆ, ಆಮೇಲೆ ಮಗು ಸ್ಕೂಲಿಗೆ, ಸಾಯಂಕಾಲ ತರಕಾರಿಗೆ. ಜಡ್ಜ್ ಮುಂದೆ ಪ್ರಮಾಣ ಮಾಡಿ ಹೇಳಿದೀನಿ. ಇಲ್ಲಿ ಇಲ್ದೇ ಇರೋಳ ಮೇಲೆ ನಾನು ಕೇಸ್ ಹಾಕ್ತೀನಾ?"

"ನಡತೆ ಹೇಗೆ?"

"ಹಠಮಾರಿ. ನಾನು ಮುಖ ತಿರುಗಿಸ್ಕೊಂಡ್ರೂ 'ನಮಸ್ಕಾರ ದೊಡ್ಡಮಾವ' ಅಂತ ಹೇಳೇ ಹೋಗ್ತಾಳೆ."

ಪೊಲೀಸ್ನೋರು ಎಲ್ಲಾ ಬರ್ಕೊಂಡು ಸಹಿ ಹಾಕಿಸ್ಕೊಂಡ್ರು. ಭಾವ ಆಸೆಯಿಂದ, "ಇನ್ನಾದ್ರೂ ಇವಳನ್ನ ಅವರೂರಿಗೆ ಕಳಿಸ್ತೀರಾ ಸಾರ್?" ಅಂದ್ರು.

"ಕಳಿಸೋದಾ? ನಿಮ್ಮಂಥ ಗಟ್ಟಿ ಸಾಕ್ಷಿ ಇದ್ರೆ ಇಲ್ಲೇ ಇರ್ತಾರೆ ಯಜಮಾನ್ರೇ."

ತಿಂಗಳುಗಟ್ಟಲೆ ಕಾದಮೇಲೆ ಪೌರತ್ವದ ಪತ್ರ ಕೈಗೆ ಬಂತು. ಅವಳೂ ಅತ್ಲು, ನಾನೂ ಅತ್ತೆ. ಆಮೇಲೆ ಅವಳೇ ಕೇಸರಿಬಾತ್ ಮಾಡಿ, ಡಬ್ಬಿ ತುಂಬ್ಕೊಂಡು, ಮೊದಲು ದೊಡ್ಡಮಾವನಿಗೆ ಕೊಡ್ಬೇಕು ಅಂತ ಹೊರಟ್ಲು. ನಾನು ಬೇಡ ಅನ್ನೋಷ್ಟರಲ್ಲಿ ಓಣಿ ದಾಟಿಯಾಗಿತ್ತು. ಭಾವ ಡಬ್ಬಿ ಇಸ್ಕೊಂಡ್ರು, ಒಂದು ಚಮಚ ಬಾಯಿಗೆ ಹಾಕ್ಕೊಂಡ್ರು, ಅಲ್ಲೇ ನಿಂತು ಅವರ ಲಾಯರಿಗೆ ಫೋನ್ ಹಚ್ಚಿದ್ರು:

"ಸಾರ್, ಬರ್ಕೊಳ್ಳಿ. ಇವತ್ತೂ ಓಣೀಲಿ ಬಂದ್ಲು. ಇಂಡಿಯನ್ ಆದ್ಮೇಲೆ ಇದು ಮೊದಲನೇ ಸಲ."