ಗೆಳೆಯ ಮಾತು ಬಿಟ್ಟ ದಿನ

ನಲವತ್ತು ವರ್ಷ ಕೈಗಡಿಯಾರಗಳ ಹೊಟ್ಟೆ ಬಿಚ್ಚಿ ಜೀವ ತುಂಬಿದವನು ನಾನು. ಅಂಥವನ ಮನೆಯಲ್ಲಿ, ಹೆಂಡತಿಯ ಹೊಸ ಕಿವಿ ಮಿಷನ್ನನ್ನು ಅವಳ ಫೋನಿಗೆ ಜೋಡಿಸಲು ಮಗಳು ಭಾನುವಾರ ಬರಬೇಕೆ? ನನ್ನ ಸ್ವಾಭಿಮಾನ ಕೆರಳಿತು. ನಾನೇ ಜೋಡಿಸುತ್ತೇನೆಂದು ಘೋಷಿಸಿ, ಹತ್ತೇ ನಿಮಿಷದಲ್ಲಿ ಮುಗಿಸಿಯೂಬಿಟ್ಟೆ. ಇನ್ನು ಅವಳ ಕರೆಗಳೆಲ್ಲ ನೇರ ಅವಳ ಕಿವಿಯೊಳಗೇ!

ಮರುದಿನ ಬೆಳಿಗ್ಗೆ ಕನ್ನಡಕದವನಿಂದ ಒಂದು ಫೋಟೊ ಬಂತು. ನನ್ನ ಅಂಗಡಿಯ ಪಕ್ಕದಲ್ಲೇ ಕನ್ನಡಕ ಮಾರುತ್ತಿದ್ದವನು, ಈಗ ದೂರದೂರಿನಲ್ಲಿ ಮಗನ ಮನೆ ಸೇರಿದ್ದಾನೆ. ನನಗೆ ಉಳಿದಿರುವ ಗೆಳೆಯ ಅವನೊಬ್ಬನೇ. ನಮ್ಮಿಬ್ಬರ ನಡುವೆ ಉಳಿದಿರುವ ದಾರಿ ಫೋನೊಂದೇ. ಫೋಟೊದಲ್ಲಿ ಅವನ ಹೊಸ ಹಲ್ಲಿನ ಸೆಟ್ಟು ಫಳಫಳ ಹೊಳೆಯುತ್ತಿತ್ತು. ಮೆಚ್ಚಿ ಹೆಬ್ಬೆರಳು ತೋರಿಸಲು ಹೋದೆ. ಬೆರಳು ಜಾರಿ, ಕಣ್ಣೀರು ಸುರಿಸುತ್ತ ನಗುವ ಮೂರು ಮುಖಗಳು ಹೊರಟುಹೋದವು.

ಅವನ ಹಲ್ಲನ್ನೇ ಗೇಲಿ ಮಾಡಿದಂತಾಯಿತು! ಕೂಡಲೇ ಕರೆ ಮಾಡಿದೆ. ಎತ್ತಿದ, ಆದರೆ ಮಾತಿಲ್ಲ. ಕೋಪವೇ ಎಂದು ಕೇಳಿದೆ. ಮೌನ. ತಪ್ಪಾಯಿತೆಂದೆ. ಅದಕ್ಕೂ ಮೌನ. ಅಡುಗೆಮನೆಯಿಂದ ಹೆಂಡತಿ, ಯಾರು ಬಂದಿದ್ದಾರೆಂದು ಕೂಗಿ ಕೇಳಿದಳು. ಯಾರೂ ಬಂದಿಲ್ಲವೆಂದು ಗದರಿ, ಮತ್ತೆ ಕರೆ ಮಾಡಿದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕುಡಿದ ಸಾವಿರಾರು ಲೋಟ ಚಹಾ ನೆನಪಿಸಿ ಅಂಗಲಾಚಿದೆ. ಉಸಿರಿನ ಸದ್ದೂ ಇಲ್ಲ. ಬೆರಳು ಜಾರಿದ ತಪ್ಪಿಗೆ ಇಷ್ಟು ವರ್ಷದ ಸ್ನೇಹವೇ ಜಾರಿಹೋಯಿತೆಂದು ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ರೀ, ನಿಮ್ಮ ಕನ್ನಡಕದವರು ಆಗಿನಿಂದ ನನ್ನ ಕಿವೀಲಿ ಬಡ್ಕೋತಿದಾರೆ."

ಆಗ ಹೊಳೆಯಿತು. ನನ್ನದೂ ಅವಳದೂ ಒಂದೇ ಥರದ ಫೋನು; ಅವಳ ಮಿಷನ್ನನ್ನು ನಾನು ಜೋಡಿಸಿದ್ದು ನನ್ನದಕ್ಕೆ!

"ಕೋಪ ಮಾಡ್ಕೊಂಡಿದಾನಾ?" ಎಂದೆ.

"ಕೋಪಾನೇ ಇಲ್ವಂತೆ. ಹಲ್ಲು ನೋಡಿ ಅವರ ಸೊಸೇನೂ ಬಿದ್ದು ಬಿದ್ದು ನಕ್ಕಳಂತೆ."

ಎದೆಯ ಮೇಲಿದ್ದ ಬಂಡೆ ಇಳಿಯಿತು. ಕುರ್ಚಿಗೆ ಕುಸಿದು, ಒರೆಸಿಕೊಂಡಷ್ಟೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಅವಳು ಮಾತ್ರ ನಗದೆ ನಿಂತೇ ಇದ್ದಳು. ಇನ್ನೇನು ಹೇಳಿದನೆಂದು ಹುರುಪಿನಿಂದ ಕೇಳಿದೆ.

"ಬಸ್ಸಲ್ಲಿ ಕಳೆದುಹೋಯ್ತು ಅಂದಿದ್ರಲ್ಲ, ನಾನು ಹೆಣೆದ ಸ್ವೆಟರು? ಅದನ್ನೇ ಹಾಕ್ಕೊಂಡು ಕೂತಿದಾರಂತೆ. ಅವರಿಗೂ ಚುಚ್ಚುತ್ತಂತೆ."